ನಾಲ್ಕು ನಿಮಿಷದ ಯಂತ್ರ

"ಇದು ಮನೆಗೆ, ಅದು ದುಡಿಮೆಗೆ," ಎಂದು ಅಂಗಡಿಯ ಓಸಾಜೆ ಎರಡು ಕಂಪ್ಯೂಟರುಗಳ ಮೇಲೂ ಒಂದೊಂದು ಕೈಯಿಟ್ಟು ನಿಂತ. ಎಡಗೈ ಕೆಳಗಿನದು ಹೊಚ್ಚಹೊಸದು, ಮೈಮೇಲಿನ ಪ್ಲಾಸ್ಟಿಕ್ಕೂ ಕಿತ್ತಿಲ್ಲ. ಬಲಗೈ ಕೆಳಗಿನದು ಲಂಡನ್ನಿನ ಯಾವುದೋ ಸ್ಟುಡಿಯೋದಲ್ಲಿ ಮೂರು ವರ್ಷ ದುಡಿದು, ಹಡಗು ಹತ್ತಿ, ನೈಜೀರಿಯಾದ ಬೆನಿನ್ ಸಿಟಿಗೆ ಬಂದಿಳಿದದ್ದು. ಬೆಲೆ ಎರಡಕ್ಕೂ ಒಂದೇ.

ಇಟೋಹಾನ್ ತನ್ನ ಸಿನಿಮಾದ ಒಂದು ತುಣುಕನ್ನು ಎರಡರಲ್ಲೂ ಓಡಿಸಿ ನೋಡಿದಳು. ಅವಳು ಸಂಕಲನ ಮಾಡಿದ ಮೊದಲ ಸಿನಿಮಾ. ಶನಿವಾರ ಬೆಳಿಗ್ಗೆ ಸಿದ್ಧಪ್ರತಿ ಕೊಟ್ಟರೆ ತೆರೆಯ ಮೇಲೆ ಅವಳ ಹೆಸರು. ಇಲ್ಲವಾದರೆ ಕೆಲಸ ಬೇರೆಯವರ ಪಾಲು. ಮನೆಯ ಹಳೆಯ ಕಂಪ್ಯೂಟರ್ ಮೊನ್ನೆ ಅರ್ಧದಲ್ಲೇ ಪ್ರಾಣ ಬಿಟ್ಟಿತ್ತು. ತುಣುಕನ್ನು ಸಿದ್ಧಪ್ರತಿಯಾಗಿ ಕಟ್ಟಿಕೊಡಲು ಹೊಸದು ನಲವತ್ತು ನಿಮಿಷ ತೆಗೆದುಕೊಂಡಿತು. ಲಂಡನ್ನಿನದು ನಾಲ್ಕು.

"ಇನ್ನೂ ಯೋಚ್ನೆನಾ ತಂಗಿ? ಮದುವೆ ಗಂಡನ್ನೂ ಹಿಂಗೆ ಎರಡು ಸಲ ಓಡಿಸಿ ನೋಡ್ತೀಯಾ?"

"ಗಂಡು ನಾಲ್ಕು ನಿಮಿಷಕ್ಕೆ ಸಿನಿಮಾ ಮುಗಿಸಿಕೊಟ್ರೆ ಕೇಳೋದೇ ಬೇಡ ಅಣ್ಣ," ಎಂದು ನಕ್ಕು, ತಂದ ದುಡ್ಡನ್ನೆಲ್ಲ ಅವನ ಕೈಗೆ ಸುರಿದಳು.

ಆಟೋದಲ್ಲಿ ಆ ಕರಿಯ ಭಾರವನ್ನು ತೊಡೆಯ ಮೇಲೆ ತಬ್ಬಿ ಕೂತಾಗ ಅವಳಿಗೆ ಅಜ್ಜಿಯ ಕಥೆಯ ಹಾಡು ಬಾಯಿಗೆ ಬಂತು. ಆಮೆಯು ಆನೆಯನ್ನು ರಾಜನನ್ನಾಗಿ ಮಾಡುತ್ತೇವೆಂದು ಹಾಡುತ್ತ ಊರಿಗೆ ಕರೆತರುವ ಹಾಡು. ಸಿಂಹಾಸನದ ಚಾಪೆಯ ಕೆಳಗೆ ಗುಂಡಿ ತೋಡಿರುತ್ತಾರೆಂಬುದು ಅವಳಿಗೆ ಆಗ ನೆನಪಾಗಲಿಲ್ಲ.

ಎಂದಿನಂತೆ ಮನೆಯಲ್ಲಿ ಕರೆಂಟಿರಲಿಲ್ಲ. ಅಕ್ಕ ಇಸೋಕೆನ್ ಜಗಲಿಯ ಪುಟ್ಟ ಜನರೇಟರಿನ ಹಗ್ಗ ಎಳೆದಳು. ಇಟೋಹಾನ್ ಗುಂಡಿ ಒತ್ತಿದಳು. ಸಿನಿಮಾದ ಸಿದ್ಧಪ್ರತಿ ತಯಾರಾಗತೊಡಗಿತು, ಯಂತ್ರ ಬಿರುಸಾದಂತೆ ಜನರೇಟರಿನ ದನಿ ಒಡೆಯಿತು, ಗೊಗ್ಗರಾಯಿತು, ನಿಂತಿತು. ಫ್ಯಾನಿನ ಪ್ಲಗ್ ಕಿತ್ತರು. ಮತ್ತೆ ನಿಂತಿತು. ಬಲ್ಬನ್ನೂ ಕಿತ್ತರು. ಐದನೆಯ ಸಲ ಸುಟ್ಟ ವಾಸನೆ ಬಂತು.

"ಎಲ್ಲಾ ಕೇಳಿದ್ಯಲ್ಲೇ, ಇದು ಎಷ್ಟು ಕರೆಂಟು ತಿನ್ನುತ್ತೆ ಅಂತ ಒಂದು ಮಾತು ಕೇಳಿದ್ಯಾ?"

"ಅಂಗಡೀಲಿ ಚೆನ್ನಾಗಿ ಓಡ್ತಿತ್ತಲ್ಲಕ್ಕ..."

"ಅಂಗಡಿ ಹಿಂದೆ ಲಾರಿಯಷ್ಟು ದೊಡ್ಡ ಜನರೇಟರ್ ಇದೆ ಕಣೇ ಪೆದ್ದಿ!"

ಮರುದಿನ, ಶುಕ್ರವಾರ, ಎರಡು ಸಲ ಕರೆಂಟು ಬಂತು. ಒಮ್ಮೆ ಒಂಬತ್ತು ನಿಮಿಷ, ಇನ್ನೊಮ್ಮೆ ಹದಿನಾಲ್ಕು. ಹೋದಾಗಲೆಲ್ಲ ಸಿನಿಮಾ ಮೊದಲಿನಿಂದ. ಸಂಜೆ ಹೊತ್ತಿಗೆ ಇಟೋಹಾನ್ ಯಂತ್ರವನ್ನು ಹೊತ್ತು ಮಾರುಕಟ್ಟೆಗೆ ಬಂದಳು.

ಓಸಾಜೆ ಪ್ಲಗ್ ಚುಚ್ಚಿದ. ಪರದೆಯ ಮೇಲೆ ಅವಳ ಸಿನಿಮಾ ನೀರು ಹರಿದಂತೆ ಓಡತೊಡಗಿತು. ನೂರಕ್ಕೆ ಹತ್ತು, ನೂರಕ್ಕೆ ಇಪ್ಪತ್ತು.

"ದೋಷ ಇದ್ರೆ ಈಗ್ಲೇ ವಾಪಸ್ ತಗೋತೀನಿ. ಎಲ್ಲಿದೆ ತೋರ್ಸು."

"ಹಂಗಾದ್ರೆ ಇಲ್ಲೇ ಕೂತು ಮುಗಿಸ್ಕೊಳ್ಳಲಾ ಅಣ್ಣ?"

"ಆರು ಗಂಟೆಗೆ ಮಾರುಕಟ್ಟೆಯವರು ಜನರೇಟರ್ ಆರಿಸ್ತಾರೆ. ಇನ್ನು ಹತ್ತು ನಿಮಿಷ."

"ಮನೇಲಿ ಇದಕ್ಕೆ ಕರೆಂಟು ಸಾಲ್ತಿಲ್ಲ," ಎಂದಳು, ತನ್ನದೇ ತಪ್ಪೆಂಬಂತೆ.

ಓಸಾಜೆ ನಗಲಿಲ್ಲ. "ಅದನ್ನ ದೋಷ ಅಂತ ಒಪ್ಕೊಂಡ್ರೆ, ಈ ಊರಿಗೆ ಮಾರಿದ್ದನ್ನೆಲ್ಲ ನಾನು ವಾಪಸ್ ತಗೋಬೇಕಾಗುತ್ತೆ, ತಂಗಿ."

ಸಾಲಿನಲ್ಲಿ ಒಂದೊಂದೇ ಶಟರ್ ಇಳಿಯುತ್ತಿತ್ತು. ಅವಳು ಕುಳಿತೇ ಇದ್ದಳು, ಪರದೆ ನೋಡುತ್ತ. ಅರವತ್ತೊಂದು. ಅರವತ್ತೆರಡು.