ಭಾವನ ಕಾರಿನ ಬಿಸಿಗಾಳಿ

“ಆಫ್ ಮಾಡು ಮಾರಾಯ, ಆಫ್ ಮಾಡು!” ಎಂದು ಕೂಗುತ್ತಾ ಸುಕೇಶ್ ಕಾರಿನಿಂದ ಹೊರಗೆ ಹಾರಿದ. ಎಸಿಯ ಕಿಂಡಿಗೆ ಒಂದು ಬಂಗುಡೆ ಮೀನು ಹಿಡಿದಿದ್ದರೆ ಮಸಾಲೆ ಹಚ್ಚುವ ಮೊದಲೇ ಬೆಂದುಹೋಗುತ್ತಿತ್ತು. ಮೇ ತಿಂಗಳ ಕಾಪು. ಹೆದ್ದಾರಿಯ ಡಾಂಬರು ಪಾಯಸವಾಗಿತ್ತು. ಆ ಬಿಸಿಲೂ ಸುಕೇಶನಿಗೆ ತಂಪೆನಿಸಿತು ಎಂದರೆ ಕಾರಿನೊಳಗಿನ ಕಥೆ ನೀವೇ ಊಹಿಸಿಕೊಳ್ಳಿ.

ಬಾನೆಟ್ಟಿನೊಳಗೆ ಬಗ್ಗಿದ್ದ ಲಿಯೋನೆಲ್ ತಲೆ ಎತ್ತಲಿಲ್ಲ. ಕಾಪುವಿನಿಂದ ಕಾರ್ಕಳದವರೆಗೆ ಅವನಂಥ ಕಾರ್ ಇಲೆಕ್ಟ್ರಿಶಿಯನ್ ಹುಟ್ಟಿಲ್ಲ. ಹುಟ್ಟಿದ್ದರೂ ನಾಚಿಕೆಯಿಂದ ಬೇರೆ ಕೆಲಸ ಹಿಡಿದಿರುತ್ತಾನೆ. ಮಲ್ಪೆಯ ಮೀನಿನ ಲಾರಿಯೊಂದರ ಶಾರ್ಟ್ ಸರ್ಕ್ಯೂಟನ್ನು ಇವನು ಫೋನಿನಲ್ಲಿ ಹಾರ್ನ್ ಕೇಳಿಯೇ ಹಿಡಿದವನು. ಗ್ಯಾರೇಜಿನ ಮುಂದಿನ ಬೋರ್ಡು ಸುಳ್ಳು ಹೇಳುತ್ತಿರಲಿಲ್ಲ: ‘ಇಲ್ಲಿ ಸಿಗದ ದೋಷ ಇಲ್ಲ.’

ಈ ಕಾರು ಬಂದ ದಿನವೇ ಅವನು ಪಕ್ಕದ ಗೂಡಂಗಡಿಗೆಲ್ಲ ಕೇಳುವಂತೆ ಸಾರಿದ್ದ: ಶನಿವಾರದೊಳಗೆ ದೋಷ ಹಿಡಿಯದಿದ್ದರೆ ಬೋರ್ಡು ಇಳಿಸುತ್ತೇನೆ. ಇವತ್ತು ಶನಿವಾರ. ಗೂಡಂಗಡಿಯವರು ವ್ಯಾಪಾರ ಬಿಟ್ಟು ಬಂದು ನಿಂತಿದ್ದರು.

ಕಾರು ಕಡಿಯಾಳಿಯ ಉಮಾನಾಥರದು. ಹಳೆಯ ಜರ್ಮನ್ ಗಾಡಿ, ಕಣ್ಣಿನ ಗುಡ್ಡೆಯಂತೆ ಕಾಪಾಡಿದ್ದು. ಸುಕೇಶ್ ಅವರ ಹೆಂಡತಿ ಪ್ರಫುಲ್ಲಾಳ ತಮ್ಮ. ಅಬುಧಾಬಿಯಿಂದ ರಜೆಯಲ್ಲಿ ಬಂದಿದ್ದ. ಮದುವೆಗಳ ಕಾಲ, ಊರೂರು ಸುತ್ತಲು ಕಾರು ಬೇಕು. ಹೆಂಡತಿಯ ತಮ್ಮ ಕೇಳಿದ್ದಕ್ಕೆ ಇಲ್ಲ ಎನ್ನುವ ಭಾವ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಕಳೆದ ರಜೆಯಲ್ಲಿ ಎರಡು ದಿನಕ್ಕೆಂದು ಒಯ್ದ ಕಾರು ಎರಡು ತಿಂಗಳಾದ ಮೇಲೆ, ಒಂದು ಪಕ್ಕದ ಕನ್ನಡಿ ಇಲ್ಲದೆ ಹಿಂದಿರುಗಿತ್ತು. “ಕನ್ನಡಿ ಎಂತ ದೊಡ್ಡದು,” ಎಂದು ಉಮಾನಾಥರು ನಕ್ಕಿದ್ದರು. ಈ ಸಲವೂ ಕೇಳಿದೊಡನೆ ಕೀಲಿ ಕೊಟ್ಟರು. ದೇವರಂಥ ಮನುಷ್ಯ.

ಆದರೆ ಕಾರಿಗೇ ಇಷ್ಟವಿಲ್ಲದ ಹಾಗಿತ್ತು.

“ಭಾವ ಕಾರು ಬಿಟ್ಟರೆ ಕಾಶ್ಮೀರ, ನಾನು ಬಿಟ್ಟರೆ ಕುಲುಮೆ! ಇದು ಯಾವ ನ್ಯಾಯ?” ಸುಕೇಶ್ ಅಂಗಿಯಿಂದ ಬೆವರು ಹಿಂಡಿದ. ಅಲ್ಲಿ ಹರಿದ ನೀರಿನಲ್ಲಿ ದೋಣಿ ಬಿಡಬಹುದಿತ್ತು.

“ವಾಲ್ವಿನ ನ್ಯಾಯ,” ಎಂದ ಲಿಯೋನೆಲ್. “ಇಂಜಿನಿನ ಬಿಸಿ ನೀರು ಹೀಟರಿಗೆ ಹೋಗದ ಹಾಗೆ ತಡೆಯಲಿಕ್ಕೆ ಇಲ್ಲೊಂದು ವಾಲ್ವ್ ಉಂಟು. ಕರೆಂಟ್ ಸಿಕ್ಕಿದರೆ ಮುಚ್ಚುತ್ತದೆ, ತಪ್ಪಿದರೆ ತೆರೆಯುತ್ತದೆ. ಚಳಿ ದೇಶದವರ ಬುದ್ಧಿ ಸುಕೇಶಣ್ಣ, ಕೆಟ್ಟರೂ ಬೆಚ್ಚಗೆ ಕೆಡಲಿ ಅಂತ.”

ಬ್ಯಾಟರಿಯಿಂದ ನೇರ ವಯರು ಮುಟ್ಟಿಸಿದ. ವಾಲ್ವ್ ‘ಟಕ್’ ಎಂದಿತು. ವಾಲ್ವ್ ಸರಿ. ಫ್ಯೂಸು ಸರಿ. ರಿಲೇ ಸರಿ. ಅಷ್ಟಾದರೂ ಕನೆಕ್ಟರಿಗೆ ಮೀಟರಿಟ್ಟರೆ ಸೊನ್ನೆ. ಲಿಯೋನೆಲ್ ಎದ್ದ, ಕೂತ, ಕಾರಿಗೆ ಸುತ್ತು ಬಂದ, ಮತ್ತೆ ಬಗ್ಗಿದ. ಇಲಿ ಎಂದ. ಸಮುದ್ರದ ಉಪ್ಪುಗಾಳಿ ಎಂದ. ಹಿಂದಿನ ಸೀಟು ಕಳಚಿದ, ಡಿಕ್ಕಿಯ ಮ್ಯಾಟು ಎತ್ತಿದ, ಸ್ಟೆಪ್ನಿಯನ್ನೂ ಬಿಡಲಿಲ್ಲ.

“ಆ ಬ್ಯಾಟರಿಯಿಂದಲೇ ಡೈರೆಕ್ಟ್ ಒಂದು ವಯರು ಎಳೆದುಬಿಡು, ಆಯಿತಲ್ವಾ?” ಎಂದ ಸುಕೇಶ್.

ಲಿಯೋನೆಲನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. “ಡೈರೆಕ್ಟಾ? ಏರ್‌ಬ್ಯಾಗ್ ಒಡೆದರೆ ನಿಮ್ಮನ್ನು ಲಕ್ಷದ್ವೀಪದಲ್ಲಿ ಹೆಕ್ಕಬೇಕು!”

“ಹಾಗಾದರೆ ಕಾರ್ಕಳದ ಇಲೆಕ್ಟ್ರಿಶಿಯನ್ ಕಾರ್ಲ್ಟನ್‌ಗೆ ತೋರಿಸುತ್ತೇನೆ.”

“ತೋರಿಸಿ. ಕಾರು ಕೊಟ್ಟು ಹಾರ್ನ್ ಮಾತ್ರ ತೆಗೆದುಕೊಂಡು ಬನ್ನಿ.”

ಗೂಡಂಗಡಿಯವರು ನಕ್ಕರು. ಸುಕೇಶ್ ನಗಲಿಲ್ಲ.

“ನಾನೊಮ್ಮೆ ಕೂತು ನೋಡುತ್ತೇನೆ,” ಎಂದು, ಭಾವಮೈದುನನ ಜೊತೆ ಬಂದು ಬದಿಯಲ್ಲಿ ನಿಂತಿದ್ದ ಉಮಾನಾಥರು ಮೆತ್ತಗೆ ಒಳಗೆ ಕುಳಿತರು. ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಸೆಂಟಿನ ಬಾಟಲಿಯನ್ನು ತಿರುಗಿಸಿ ನೇರ ಮಾಡಿದರು. ಸುಕೇಶನೇ ಅಬುಧಾಬಿಯಿಂದ ತಂದುಕೊಟ್ಟ ಬಾಟಲಿ. ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಅದನ್ನು ಮುಟ್ಟದೆ ಅವರಿಗೆ ಸಮಾಧಾನವಿಲ್ಲ. ಭಾವನ ಆ ಪ್ರೀತಿ ಕಂಡು ಸುಕೇಶನ ಕೋಪವೂ ಸ್ವಲ್ಪ ಇಳಿಯಿತು. ಮೀಟರಿನಲ್ಲಿ ಹನ್ನೆರಡು ವೋಲ್ಟ್ ಹಾಜರಾಯಿತು. ಕಿಂಡಿಯಿಂದ ಹಿಮಾಲಯ ಬೀಸಿತು.

“ನೋಡಿ!” ಲಿಯೋನೆಲ್ ಹಣೆ ಚಚ್ಚಿಕೊಂಡ. “ಯಜಮಾನನ ಕೈ ಕಾರಿಗೆ ಗೊತ್ತು!”

ಉಮಾನಾಥರು ಬಾಟಲಿಯನ್ನು ಪ್ರೀತಿಯಿಂದ ಸವರಿ ಕೆಳಗಿಳಿದರು. ಸುಕೇಶ್ ಕೂತ. ಅರೆನಿಮಿಷ ತಡೆದುಕೊಂಡ. ಮತ್ತೆ ಹಾರಿದ. ಕೀಲಿಯನ್ನು ಭಾವನ ಅಂಗೈಗೆ ಒತ್ತಿದ.

“ಬೇಡ ಭಾವ. ನಾನು ರಜೆ ಮುಗಿಯುವ ತನಕ ಬಾಡಿಗೆ ಕಾರು ಮಾಡಿಕೊಳ್ಳುತ್ತೇನೆ. ಈ ಕುಲುಮೆ ನಿಮಗೇ ಇರಲಿ.”

“ಛೆ, ಮನೆಯಲ್ಲಿ ಕಾರಿದ್ದೂ ನಿನಗೆ ಕೊಡಲಿಕ್ಕಾಗಲಿಲ್ಲವಲ್ಲ,” ಉಮಾನಾಥರ ಸ್ವರ ಒದ್ದೆಯಾಗಿತ್ತು. ಸುಕೇಶನಿಗೂ ಕಣ್ಣು ತುಂಬಿತು. ಬೆವರೋ ಕಣ್ಣೀರೋ ತಿಳಿಯಲಿಲ್ಲ. ಅವನು ರಿಕ್ಷಾ ಹತ್ತಿ ಹೋದ.

ಎಲ್ಲರೂ ಲಿಯೋನೆಲನ ಮುಖ ನೋಡಿದರು. ಅವನು ಏಣಿ ತಂದ. ಅವನು ಅದನ್ನು ಹತ್ತಿ ಬೋರ್ಡಿನ ಮೊಳೆ ಕೀಳುವುದನ್ನು ಕಂಡು ಗೂಡಂಗಡಿಯವರೇ ಮರುಗಿದರು. “ಇರಲಿ ಬಿಡು ಮಾರಾಯ, ತಮಾಷೆಗೆ ಹೇಳಿದ್ದಲ್ವಾ,” ಎಂದರು. ಅವನು ಕೇಳಲಿಲ್ಲ. ಬೋರ್ಡು ಇಳಿಯಿತು.

ಉಮಾನಾಥರು ಅವನನ್ನು ಕೈಹಿಡಿದು ಕಾರಿನಲ್ಲಿ ಕೂರಿಸಿದರು. ಮನೆಗೆ ಬಿಡುವುದಾಗಿ ಹೇಳಿದರು. ಬೋರ್ಡು ಅವನ ಮಡಿಲಲ್ಲಿ ಮಗುವಿನಂತೆ ಮಲಗಿತು. ಹೆದ್ದಾರಿಗೆ ಬಂದ ಮೇಲೆ ಅವರು ಸೆಂಟಿನ ಬಾಟಲಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದರು. ಬಾನೆಟ್ಟಿನೊಳಗೆ ‘ಟಕ್’. ತಣ್ಣನೆಯ ಗಾಳಿ ಇಬ್ಬರ ಮುಖಕ್ಕೂ ಬಡಿಯಿತು.

“ಬೋರ್ಡು ಇಳಿಸುವಷ್ಟು ನಾಟಕ ಬೇಕಿತ್ತಾ?” ಎಂದರು ಉಮಾನಾಥರು.

ಲಿಯೋನೆಲ್ ಬಾಟಲಿಯ ಬುಡವನ್ನು ಬೆರಳಿನಿಂದ ಸವರಿದ. “ನಾನೇ ಕೂರಿಸಿದ ಸ್ವಿಚ್ಚು, ನಾನೇ ಒಂದು ವಾರ ಹುಡುಕಿ ಸೋತೆ, ಇಂಥ ಕೆಲಸವನ್ನು ಇನ್ನು ಯಾರ ಹತ್ತಿರವೂ ಕೊಚ್ಚಿಕೊಳ್ಳುವ ಹಾಗಿಲ್ಲವಲ್ಲ, ಉಮಾನಾಥಣ್ಣ!”