ಸೋಮವಾರದ ಮೌನವ್ರತ

ಸೋಮವಾರ ಗಂಡನಿಗೆ ಮೌನವ್ರತ. ಬೆಳಗ್ಗೆಯೇ ದೇವರಮನೆ ಬಾಗಿಲು ಹಾಕಿಕೊಂಡ.

“ರೀ, ಹಾಲು ಉಕ್ಕುತ್ತೆ, ಒಲೆ ಆಫ್ ಮಾಡ್ರೀ!” ಬಚ್ಚಲಿನಿಂದ ಕೂಗಿದಳು. ದೇವರಮನೆ ಬಾಗಿಲು ತೆರೆಯಲಿಲ್ಲ. ಹಾಲೆಲ್ಲ ಅಡುಗೆಕಟ್ಟೆಯ ಮೇಲೆ.

ಒರೆಸಿ, ಸಿಟ್ಟಿನಲ್ಲೇ ಫೋನ್ ತೆಗೆದಳು. ಮುಖ ನೋಡದ ಗೆಳೆಯರು ಸೇರಿ ಸಿನಿಮಾ ಹಾಡು ಗುರುತಿಸುವ ಗುಂಪು. ಅಲ್ಲಿ ಅವಳ ಹೆಸರು ‘ಚಿಟ್ಟೆ’. ಅವಳಿಗೆ ಸರಿಸಾಟಿ ‘ಗಂಧರ್ವ’ ಒಬ್ಬನೇ. ಎಂಥ ರಸಿಕ! ನಮ್ಮನೆಯವರೂ ಇದ್ದಾರೆ, ದಂಡಕ್ಕೆ.

ದಿನಾ ಬರೆದು ಕೇಳುವವನು ಇವತ್ತು ಗುನುಗಿಯೇ ಕಳಿಸಿದ್ದ. ಕೆಳಗೆ ಪ್ರಶ್ನೆ: “ಚಿಟ್ಟೆ ಮೇಡಂ, ಇದು ಯಾವ ಹಾಡು? ಹಾಡಿದ್ದು ಯಾರು?”

ಕೇಳಿದಳು. ಫೋನನ್ನು ಕಿವಿಗೊತ್ತಿಕೊಂಡು ಮತ್ತೆ ಕೇಳಿದಳು. ಗುನುಗಿನ ಹಿಂದೆ, ದೂರದಲ್ಲೊಂದು ಹೆಣ್ಣುದನಿ ಹಾಲು, ಒಲೆ ಅಂತ ಅರಚುತ್ತಿತ್ತು.

ಉತ್ತರ ಬರೆದಳು: “ಹಾಡು ಗೊತ್ತಾಗಲಿಲ್ಲ ಗಂಧರ್ವರೇ. ಹಿನ್ನೆಲೆ ಗಾಯಕಿ ಮಾತ್ರ ನಾನೇ.”