ದೊಡ್ಡಪ್ಪನ ರಾಜಕುಮಾರ

ಈಗಲೂ ಒಣಕೊಬ್ಬರಿಯ ವಾಸನೆ ಮೂಗಿಗೆ ಬಡಿದರೆ ಹಂದನಕೆರೆ ಕಡೆಯ ನಮ್ಮ ಮನೆಯ ಕೊಬ್ಬರಿ ಅಟ್ಟ ನೆನಪಾಗುತ್ತದೆ. ಒಂದು ಮಧ್ಯಾಹ್ನ ದೊಡ್ಡಪ್ಪ ಅಲ್ಲಿ ಊರ ನಾಟಕದ ಮಾತು ಕಲಿಯುತ್ತಿದ್ದರು. ಅವರದು ಅಪ್ಪನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳುವ ರಾಜಕುಮಾರನ ಪಾತ್ರ. ರಾಜಕುಮಾರ ಕಡಿಯುವ ವೈರಿಯ ಮಗಳಾಗಿ ನಿಲ್ಲಲು ಆರು ವರ್ಷದ ನನ್ನನ್ನು ಕರೆದಿದ್ದರು.

"ಕಣ್ಮುಚ್ಕೊ ಪುಟ್ಟಿ," ಎಂದರು. ನಾನು ಮುಚ್ಚಲಿಲ್ಲ. ಅವರ ಕೈಯಲ್ಲಿದ್ದದ್ದು ಮರದ ಕತ್ತಿಯಲ್ಲ, ಎಳನೀರು ಕೆತ್ತುವ ಮಚ್ಚು.

ಏಣಿ ಹತ್ತಿ ಬಂದ ಅಜ್ಜಿ ಅಲ್ಲೇ ನಿಂತಳು. "ಮಗೂನ ಕಡಿಯೋನು ಎಂಥಾ ನಾಯಕನ್ಲಾ? ಅವನೇ ಖಳ."

"ಅಪ್ಪನ್ನ ಹೊಲದ ಬದೀಲಿ ಕಡಿದೋನು ಇನ್ನೂ ಓಡಾಡ್ಕಂಡವ್ನಲ್ಲವ್ವ," ಎಂದರು ದೊಡ್ಡಪ್ಪ. ನಾಟಕದಲ್ಲಿ ಹೊಲವೇ ಇರಲಿಲ್ಲ.

"ಅವನ್ಗೂ ಇಷ್ಟೇ ಎತ್ತರದ ಮಗಳವ್ಳೆ ಕಣ್ಲಾ."

"ಗೊತ್ತು."

ಅಜ್ಜಿ ಮಚ್ಚು ಕಿತ್ತುಕೊಂಡಳು. ದೊಡ್ಡಪ್ಪನ ಇನ್ನೊಂದು ಕೈ ಮಾತ್ರ ನನ್ನ ನೆತ್ತಿಯ ಮೇಲೆಯೇ ಇತ್ತು, ಎತ್ತರ ಅಳೆಯುವ ಹಾಗೆ.